ಕಾರ್ಕಳದವಳ ತಟ್ಟೆಯಲ್ಲಿ ಅಮ್ಮ

ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ದಿನಾ ಬೆಳಿಗ್ಗೆ ಕಾರ್ಕಳದ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಬರುತ್ತಿದ್ದಳು. ನಾನು ಪರ್ಕಳದಲ್ಲಿ ಹತ್ತಿದ ಕೂಡಲೇ ಪಕ್ಕದಲ್ಲಿಟ್ಟ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು, ಬಾ ಬಾ ಎಂದು ಕರೆಯುತ್ತಿದ್ದಳು. ಪರ್ಕಳದಿಂದ ಮಣಿಪಾಲಕ್ಕೆ ಮಹಾ ಎಷ್ಟು ದೂರ? ಒಂದು ಕಾಲಲ್ಲಿ ನಿಂತುಕೊಂಡು ಹೋಗಬಹುದು. ಆದರೆ ಅವಳು ಜಾಗ ಹಿಡಿದಿಟ್ಟ ಮೇಲೆ ಕೂರಬೇಕು, ಕೂತ ಮೇಲೆ ನಗಬೇಕು, ಅವಳ ಮನೆಯ ನೀರುದೋಸೆ ಇವತ್ತು ಎಷ್ಟು ತೆಳ್ಳಗೆ ಬಂತು ಎಂಬುದನ್ನು ಕೇಳಬೇಕು. ಇಳಿಯುವಷ್ಟರಲ್ಲಿ ನನಗೆ ಅವಳ ಋಣ ಇನ್ನೂ ಸ್ವಲ್ಪ ಏರಿದ ಹಾಗೆ ಅನಿಸುತ್ತಿತ್ತು.

ನಾವಿಬ್ಬರೂ ಮಣಿಪಾಲದ ಒಂದೇ ಲ್ಯಾಬಿನಲ್ಲಿ ಕೆಲಸಕ್ಕಿದ್ದೆವು. ನಮ್ಮ ಕೆಲಸ ಹೊಟ್ಟೆಯ ಗೋಡೆಯದ್ದು. ಚರ್ಮದ ಒಳಗೆ ಕರುಳನ್ನು ಹಿಡಿದು ನಿಲ್ಲಿಸುವ ಸ್ನಾಯುವಿನ ಗೋಡೆಯೊಂದು ಉಂಟಲ್ಲ, ಅದು ಅಪಘಾತದಿಂದಲೋ ಹಳೆಯ ಆಪರೇಷನ್ನಿನ ಗಾಯ ಸಡಿಲಾಗಿಯೋ ಬಾಯಿ ಬಿಡುತ್ತದೆ. ಕೆಲವು ಮಕ್ಕಳು ಹುಟ್ಟುವಾಗಲೇ ಆ ಗೋಡೆ ಪೂರ್ತಿ ಕೂಡಿರುವುದಿಲ್ಲ. ಈಗ ಡಾಕ್ಟರುಗಳು ಅಲ್ಲಿಗೆ ಪ್ಲಾಸ್ಟಿಕ್ಕಿನ ಬಲೆ ಇಟ್ಟು ಹೊಲಿಯುತ್ತಾರೆ. ಅದು ಗಟ್ಟಿಯೇನೋ ಹೌದು, ಆದರೆ ಸಾಯುವವರೆಗೆ ಮೈಯೊಳಗೆ ಹೊರಗಿನದಾಗಿಯೇ ಉಳಿಯುತ್ತದೆ. ನಾವು ಮಾಡಲು ಹೊರಟದ್ದು ನಿಧಾನವಾಗಿ ಕರಗಿಹೋಗುವ ಒಂದು ಹಂದರವನ್ನು. ಅದರ ಮೇಲೆ ರೋಗಿಯದ್ದೇ ಜೀವಕೋಶಗಳನ್ನು ಬಿತ್ತಬೇಕು. ಹಂದರ ಕರಗುವಷ್ಟರಲ್ಲಿ ಅವು ಅಲ್ಲಿ ಹಬ್ಬಿ, ಸ್ವಂತ ಮಾಂಸವೇ ತೂತನ್ನು ತುಂಬಬೇಕು. ಹಂದರ ನೇಯುವವಳು ನಾನು. ಜೀವಕೋಶ ಸಾಕುವವಳು ಅವಳು.

ಕಾಪುವಿನಲ್ಲಿರುವ ನನ್ನ ಅಮ್ಮನಿಗೆ ಇದನ್ನು ವಿವರಿಸಿದಾಗ ಅವಳು ಒಂದೇ ಏಟಿಗೆ ಹಿಡಿದುಬಿಟ್ಟಳು.

"ನೀನು ಚಪ್ಪರ ಹಾಕುವವಳು, ಅವಳು ಬಸಳೆ ನೆಡುವವಳು. ಅಷ್ಟೇ ಅಲ್ವಾ?"

ಅಷ್ಟೇ. ಆದರೆ ಚಪ್ಪರವನ್ನು ಯಾರು ಹೊಗಳುತ್ತಾರೆ ಹೇಳಿ. ಊಟಕ್ಕೆ ಕೂತವರು ಬಸಳೆ ಚೆನ್ನಾಗಿದೆ ಅನ್ನುತ್ತಾರೆ. ಹಿತ್ತಿಲ ಚಪ್ಪರ ಬರುವ ವರ್ಷಕ್ಕಾದರೂ ಉಳಿಯುತ್ತದೆ, ನನ್ನದು ಅದೂ ಇಲ್ಲ. ನನ್ನ ಕೆಲಸ ಚೆನ್ನಾಗಿ ಆಗಿದೆ ಎನ್ನುವುದಕ್ಕೆ ಗುರುತು ಅದು ಅಲ್ಲಿ ಇಲ್ಲದಿರುವುದು! ಹೊರಗಿನಿಂದ ಯಾರಾದರೂ ಲ್ಯಾಬು ನೋಡಲು ಬಂದರೆ ನಮ್ಮ ಸರ್ ನೇರ ಅವಳ ಮೈಕ್ರೋಸ್ಕೋಪಿನ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ನನ್ನ ಮೂಲೆಯಲ್ಲಿ ಎಂತ ಉಂಟು? ಒಂದು ಸಿರಿಂಜು, ಒಂದು ಕರೆಂಟಿನ ಪೆಟ್ಟಿಗೆ, ತಿರುಗುವ ಒಂದು ಡ್ರಮ್ಮು. ಸಿರಿಂಜಿನಿಂದ ಹೊರಟ ದ್ರಾವಣ ಬೊಂಬಾಯಿ ಮಿಠಾಯಿಯ ಎಳೆಯ ಹಾಗೆ ಹಾರಿ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಬಂದವರು ಅದನ್ನು ನೋಡಿ "ಓ" ಎಂದು ಮುಂದೆ ಹೋಗುತ್ತಿದ್ದರು. ಅವಳ ಹತ್ತಿರ ನಿಂತವರ ಬಾಯಲ್ಲಿ ಮಾತ್ರ "ಜೀವ ಉಂಟಾ ಇದಕ್ಕೆ? ಚಲಿಸ್ತಾ ಉಂಟಾ?" ಅವಳು ಎಲ್ಲದಕ್ಕೂ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದಳು. ಆ ತಾಳ್ಮೆ ಕಂಡರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳನ್ನು ಕಾಪುವಿಗೆ ಕರೆದುಕೊಂಡು ಹೋದವಳು ನಾನೇ. ಕರೆಯದೆ ಇರಲು ಒಂದು ನೆಪ ಸಿಗಲಿಲ್ಲ. ನಮ್ಮ ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ ಇದ್ದಾರೆ. ಅಂಗಳದ ತುಂಬ ಮಲ್ಲಿಗೆ ಗಿಡ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಿ, ಬಿಸಿಲೇರುವ ಮೊದಲು ಹೂ ಮಾರುವ ಕಟ್ಟೆಗೆ ಕಳಿಸಬೇಕು. ನನಗೆ ಮಲ್ಲಿಗೆ ಕಟ್ಟಲು ಇವತ್ತಿಗೂ ಬರುವುದಿಲ್ಲ. ಕೂದಲಿಗಿಂತ ಸಪೂರದ ಎಳೆ ನೇಯುವ ನನ್ನ ಕೈ ಬಾಳೆನಾರು ಮುಟ್ಟಿದರೆ ಮೊಗ್ಗು ಉದುರುತ್ತದೆ. ಕಾರ್ಕಳದವಳು ಬಂದು ಚಾ ಕುಡಿದು ಮುಗಿಸುವಷ್ಟರಲ್ಲಿ ಅಮ್ಮನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ಒಂದು ಸುತ್ತು, ಒಂದು ಗಂಟು. ಅಮ್ಮ ಅವಳ ಕೈಯನ್ನೇ ನೋಡುತ್ತಿದ್ದಳು.

"ನೋಡು, ನೋಡಿ ಕಲಿ" ಎಂದಳು ನನಗೆ.

ಹೊರಡುವಾಗ ಮಟ್ಟುವಿನಿಂದ ತರಿಸಿದ್ದ ಗುಳ್ಳ ಬದನೆಯನ್ನು ಎರಡು ಚೀಲಗಳಲ್ಲಿ ಕೊಟ್ಟಳು. ಬಸ್ಸಿನಲ್ಲಿ ಬಿಡಿಸಿ ನೋಡಿದೆ. ತೊಟ್ಟು ಹಸುರಾಗಿದ್ದ, ಮೈ ಮಿರಿ ಮಿರಿ ಮಿಂಚುವ ಗುಳ್ಳಗಳೆಲ್ಲ ಅವಳ ಚೀಲದಲ್ಲಿ. ನನ್ನದರಲ್ಲಿ ಒಂದಕ್ಕೆ ಹುಳ ತೂತು ಹಾಕಿತ್ತು. ಮನೆಮಗಳಿಗೆ ಎಂತ ಕೊಟ್ಟರೂ ನಡೆಯುತ್ತದೆ ಎಂದು ಹಾಗೆ ಮಾಡಿದ್ದು, ನನಗೆ ಗೊತ್ತು. ಗೊತ್ತಿದ್ದೂ ಆ ಹುಳುಕು ಗುಳ್ಳವನ್ನು ಕಿಟಕಿಯಿಂದ ಹೊರಗೆ ಎಸೆದೆ.

ಪಕ್ಕದಲ್ಲಿ ಕೂತ ಅವಳು ಬೇರೇನೋ ಯೋಚನೆಯಲ್ಲಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಧ್ವನಿ ತಗ್ಗಿಸಿ ಹೇಳಿದಳು.

"ನಿನ್ನ ಅಮ್ಮನಿಗೆ ಹರ್ನಿಯಾ ಉಂಟು. ನಿಂಗೆ ಗೊತ್ತುಂಟಲ್ಲ?"

"ಎಂತ ಹರ್ನಿಯಾ?"

"ಹಳೆ ಆಪರೇಷನ್ ಆದಲ್ಲಿ. ಮಣೆಯಿಂದ ಏಳುವಾಗ ಒಂದು ಪಕ್ಕಕ್ಕೆ ತಿರುಗಿ, ಹೊಟ್ಟೆ ಒತ್ತಿ ಹಿಡ್ಕೊಂಡು ಎದ್ದರು. ಹಿತ್ತಿಲಲ್ಲಿ ಮೆಲ್ಲ ಕೇಳಿದೆ, ತೋರಿಸಿದರು. ನಿನ್ನ ಅಪ್ಪನ ಹಳೆ ಪಂಚೆ ಹರಿದು ಬಿಗಿ ಮಾಡಿ ಕಟ್ಟಿಕೊಂಡಿದ್ದಾರೆ ಮಾರಾಯ್ತಿ. ಈಚೆಗೆ ದೊಡ್ಡದಾಗಿದೆಯಂತೆ."

ಗರ್ಭಕೋಶ ತೆಗೆಸಿದಾಗಿನ ಆ ಹಳೆಯ ಗಾಯದ ಗುರುತು ನನಗೆ ಗೊತ್ತಿತ್ತು. ಅದು ಬಾಯಿ ಬಿಟ್ಟದ್ದು ಗೊತ್ತಿರಲಿಲ್ಲ. ಹಗಲಿಡೀ ಹೊಟ್ಟೆಯ ಗೋಡೆಯ ಬಗ್ಗೆಯೇ ಓದುವವಳು ನಾನು, ನನ್ನ ಮನೆಯ ಹೊಟ್ಟೆಯ ಸುದ್ದಿ ನನಗೆ ಕಾರ್ಕಳದ ಮೂಲಕ ಬರಬೇಕೇ! ಅಮ್ಮನಿಗೆ ಏನಾದೀತೋ ಎಂಬ ಹೆದರಿಕೆ ಮೊದಲು ಬರಬೇಕಿತ್ತು. ಬಂದದ್ದು ಸಿಟ್ಟು. ಅವಳಿಗೆ ತೋರಿಸಿದ್ದಾಳೆ, ನನಗೆ ತೋರಿಸಲಿಲ್ಲ. ಪರ್ಕಳದ ನನ್ನ ಕೋಣೆಗೆ ಮುಟ್ಟಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿ ಕೂಗಾಡಿದೆ.

"ನಿನ್ನ ಹತ್ತಿರ ಹೇಳಿದ್ದರೆ ನೀನು ಹೀಗೇ ಬೊಬ್ಬೆ ಹೊಡೀತಿದ್ದೆ" ಎಂದಳು ಅಮ್ಮ. "ಅವಳ ಹತ್ತಿರ ಹೇಳಲಿಕ್ಕೆ ಸುಲಭ ಆಯ್ತು."

ಸುಲಭ ಆಯ್ತು! ಆ ಮಾತು ನನ್ನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಕೂಡಲೇ ಆಪರೇಷನ್ ಮಾಡಿಸುವ ಎಂದರೆ ಅಮ್ಮ ಒಪ್ಪಲಿಲ್ಲ. ಆಗ ಆಟಿ ತಿಂಗಳು, ತುಳುವರ ಆಷಾಢ. ಆಟಿಯಲ್ಲಿ ಮೈಗೆ ಕತ್ತಿ ತಾಗಿಸಬಾರದು ಎಂದು ಹಟ ಹಿಡಿದಳು. ಸರ್ಜನ್ ಕೂಡ ಅಷ್ಟು ದಿನ ಕಾಯಬಹುದು, ಭಾರ ಎತ್ತದಿದ್ದರಾಯಿತು ಎಂದರು. ಹೀಗೆ ಆಟಿ ಕಳೆದು ಸೋಣ ತಿಂಗಳು ಬಂದ ಮೇಲೆ ಅವಳನ್ನು ಉಡುಪಿಯ ಆಸ್ಪತ್ರೆಗೆ ಸೇರಿಸಿದೆವು. ಸರ್ಜನ್ ಹೊಟ್ಟೆಯೊಳಗೆ ಇಡುವ ಬಲೆಯ ಒಂದು ತುಂಡನ್ನು ಮೇಜಿನ ಮೇಲಿಟ್ಟು ವಿವರಿಸಿದರು. ಅಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಎಲ್ಲರೆದುರು ನನ್ನನ್ನು ಕೇಳಿದಳು.

"ಇದು ನೀನು ಮಾಡಿದ್ದಾ?"

"ಅಲ್ಲ ಅಮ್ಮ. ಇದು ಕಂಪೆನಿಯದ್ದು."

"ನಿನ್ನದು ಇಡಲಿಕ್ಕೆ ಆಗೂದಿಲ್ವಾ?"

"ನಮ್ಮದು ಇನ್ನೂ ಇಲಿಗಳಲ್ಲಿ ಉಂಟು. ಮನುಷ್ಯರಿಗೆ ಬರಲಿಕ್ಕೆ ತುಂಬ ಸಮಯ ಬೇಕು."

"ಹೌದಾ" ಎಂದು ಬಲೆಯನ್ನು ಮೆಲ್ಲಗೆ ಕೆಳಗಿಟ್ಟಳು. ಆ ಪ್ಲಾಸ್ಟಿಕ್ ತುಂಡಿನ ಮೇಲೂ ನನಗೆ ಹೊಟ್ಟೆಕಿಚ್ಚು ಹುಟ್ಟಿತೆಂದರೆ ಯಾರಾದರೂ ನಕ್ಕಾರು. ಆದರೆ ನಿಜ. ಇನ್ನು ಅಮ್ಮ ಇರುವಷ್ಟು ದಿನ ಅದು ಅವಳ ಒಳಗಿರುತ್ತದೆ, ನನ್ನದು ಇರುವುದಿಲ್ಲ.

ಇಲ್ಲಿ ನಮ್ಮ ಲ್ಯಾಬಿನ ಒಂದು ಕಟ್ಟಳೆಯನ್ನು ಹೇಳಬೇಕು. ಹೊಟ್ಟೆಯ ಆಪರೇಷನ್ನಿನಲ್ಲಿ ಕೆಲವೊಮ್ಮೆ ಸ್ವಲ್ಪ ಕೊಬ್ಬು ತೆಗೆಯುತ್ತಾರೆ. ಅದು ಕಸಕ್ಕೆ ಹೋಗುವಂಥದ್ದು. ಆದರೆ ಅದರೊಳಗಿನ ಜೀವಕೋಶಗಳನ್ನು ಬೇರ್ಪಡಿಸಿ ಬೆಳೆಸಬಹುದು. ಅದನ್ನು ಕೊಡುತ್ತೀರಾ ಎಂದು ರೋಗಿಯನ್ನು ಕೇಳುವವಳು ಆಸ್ಪತ್ರೆಯ ನರ್ಸ್. ಲ್ಯಾಬಿನವರು ಕೇಳುವ ಹಾಗಿಲ್ಲ. ರೋಗಿ ನಮ್ಮ ಸಂಬಂಧಿಕರಾದರಂತೂ ಬಾಯಿ ಬಿಡುವ ಹಾಗೇ ಇಲ್ಲ, ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಕೊಟ್ಟಾರು ಎಂದು. ಒಪ್ಪಿದರೆ ಅದು ಐಸ್ ಪೆಟ್ಟಿಗೆಯಲ್ಲಿ ಮಣಿಪಾಲಕ್ಕೆ ಬರುತ್ತದೆ. ಮೇಲೆ ಒಂದು ನಂಬರು, ಗಂಡೋ ಹೆಣ್ಣೋ, ವಯಸ್ಸು, ಅಷ್ಟೇ. ಯಾರದ್ದು ಎಂದು ನಾವು ಕೇಳಬಾರದು, ಊಹಿಸಿದರೂ ಮಾತಾಡಬಾರದು. ವಯಸ್ಸಾದವರ ಕೋಶಗಳು ಸಿಗುತ್ತಿಲ್ಲವೆಂದು ಕಾರ್ಕಳದವಳು ಆಗ ಗೋಳಾಡುತ್ತಿದ್ದಳು.

ಆಪರೇಷನ್ನಿನ ಹಿಂದಿನ ಸಂಜೆ ನಾನು ಔಷಧಿ ಅಂಗಡಿಯಿಂದ ವಾರ್ಡಿಗೆ ಬಂದಾಗ ಅವಳು ಅಮ್ಮನ ಮಂಚದ ಮೇಲೆ ಕೂತಿದ್ದಳು. ಗಂಜಿ ತಂದಿದ್ದಳು. ಅಮ್ಮ ಅವಳ ಕೈಯನ್ನು ಹಿಡಿದುಕೊಂಡಿದ್ದಳು. ನನ್ನನ್ನು ಕಂಡೂ ಬಿಡಲಿಲ್ಲ. ಅವಳು ಹೋದ ಮೇಲೆ ಅಮ್ಮ ಹೇಳಿದಳು.

"ನರ್ಸ್ ಬಂದಿದ್ದಳು. ತೆಗೆದ ಕೊಬ್ಬನ್ನು ಲ್ಯಾಬಿಗೆ ಕೊಡ್ತೀರಾ ಅಂತ ಕೇಳಿದಳು. ನಾಳೆ ಬೆಳಿಗ್ಗೆ ಹೇಳ್ತೇನೆ ಅಂದೆ. ಅದು ಕಾರ್ಕಳದ ಹುಡುಗಿಯ ಕೆಲಸಕ್ಕಾ?"

"ಹೌದು, ಅವಳ ಕೆಲಸಕ್ಕೆ" ಎಂದೆ. ನನ್ನ ಸ್ವರ ನನಗೇ ಕಹಿಯಾಗಿ ಕೇಳಿತು. "ನಾನು ಅದರಲ್ಲಿ ಮಾತಾಡುವ ಹಾಗಿಲ್ಲ. ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು."

ಅಮ್ಮ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಸರಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದ ಕೂಡಲೇ ಅಮ್ಮ "ಅಣ್ಣ ಇದ್ದಾನಲ್ಲ, ನೀನು ಕೆಲಸಕ್ಕೆ ಹೋಗು" ಎಂದು ನನ್ನನ್ನು ಓಡಿಸಿದಳು. ಲ್ಯಾಬಿಗೆ ಬಂದು ನೋಡುತ್ತೇನೆ, ಕಾರ್ಕಳದವಳ ಮೇಜಿನ ಪಕ್ಕ ಐಸ್ ಪೆಟ್ಟಿಗೆ. ಹೆಣ್ಣು. ಅಮ್ಮನದ್ದೇ ವಯಸ್ಸು. ಅವಳು ಕೈಗವಸು ಹಾಕಿಕೊಂಡು ಹಳದಿ ತುಂಡನ್ನು ಸಣ್ಣಗೆ ಹೆಚ್ಚುತ್ತಿದ್ದಳು, ಮುಖದಲ್ಲಿ ಹಬ್ಬದ ಕಳೆ. ನನ್ನನ್ನು ನೋಡಿ "ಅಮ್ಮ ಹೇಗಿದ್ದಾರೆ?" ಎಂದು ಕೇಳಿದಳು. ಒಂದು ಕೈಯಲ್ಲಿ ನನ್ನ ಅಮ್ಮನನ್ನು ಹಿಡಿದುಕೊಂಡು ಅಮ್ಮ ಹೇಗಿದ್ದಾರೆ ಎಂದು ಕೇಳುತ್ತಾಳಲ್ಲ! "ಚೆನ್ನಾಗಿದ್ದಾಳೆ" ಎಂದು ನನ್ನ ಮೂಲೆಗೆ ಹೋದೆ. ಯಾರದ್ದು ಎಂದು ಅವಳೂ ಹೇಳುವ ಹಾಗಿಲ್ಲ, ನಾನೂ ಕೇಳುವ ಹಾಗಿಲ್ಲ. ಕೇಳಬೇಕಾದ ಅಗತ್ಯವೂ ನನಗೆ ಕಾಣಲಿಲ್ಲ.

ಅಲ್ಲಿಂದ ಮುಂದೆ ನಾನು ಸರಿಯಾಗಿ ಉಂಡದ್ದಿಲ್ಲ. ಅವಳು ಊಟಕ್ಕೆ ಹೋದಾಗ ಇನ್ಕ್ಯುಬೇಟರಿನ ಬೆಚ್ಚಗಿನ ಪೆಟ್ಟಿಗೆಯಿಂದ ಆ ಕೋಶಗಳನ್ನು ಬೆಳೆಸಿದ್ದ ತಟ್ಟೆಯನ್ನು ತೆಗೆದು ಮೈಕ್ರೋಸ್ಕೋಪಿನ ಅಡಿಯಲ್ಲಿಟ್ಟು ನೋಡುತ್ತಿದ್ದೆ. ಉದ್ದುದ್ದ ಕೋಶಗಳು ತಟ್ಟೆಯ ತಳಕ್ಕೆ ಅಂಟಿಕೊಂಡು, ಕೈಕಾಲು ಚಾಚಿ, ಒಂದರ ಪಕ್ಕ ಒಂದು ಮಲಗಿದ್ದವು. ಎಷ್ಟು ಚೆಂದ ಬೆಳೆಯುತ್ತಿದ್ದವೆಂದರೆ, ಬೇರೆ ಯಾವ ತಟ್ಟೆಯೂ ಹಾಗಿರಲಿಲ್ಲ. ಅವಳಿಗೆ ಅವುಗಳ ಜೊತೆ ಮಾತಾಡುವ ಚಾಳಿ. ಗುಲಾಬಿ ಬಣ್ಣದ ಹೊಸ ದ್ರವ ಹಾಕುತ್ತ "ಅವಸರ ಇಲ್ಲ, ನಿಧಾನ ಕೂತ್ಕೊಳ್ಳಿ, ಬೇಕಾದಷ್ಟು ತಗೊಳ್ಳಿ" ಎನ್ನುತ್ತಿದ್ದಳು. ಮೊದಲೆಲ್ಲ ನಾನು ಇದಕ್ಕೆ ಮೂಗು ಮುರಿಯುತ್ತಿದ್ದೆ. ಈಗ ಅಳು ಬರುವ ಹಾಗಾಗುತ್ತಿತ್ತು. ನನ್ನ ಅಮ್ಮನಿಗೆ ಬಡಿಸುವವಳು ಇವಳು. ಬಡಿಸಿಕೊಂಡು ಬೆಳೆಯುತ್ತಿರುವವಳು ಅಮ್ಮ.

ಒಂದು ಭಾನುವಾರ ಅವಳಿಗೆ ಕಾರ್ಕಳದಲ್ಲಿ ಮದುವೆಯೊಂದಿತ್ತು. ಕೋಶಗಳಿಗೆ ರಜೆ ಇಲ್ಲ, ಯಾರಾದರೂ ದ್ರವ ಬದಲಿಸಲೇಬೇಕು. ಹಿಂದೆಲ್ಲ ನಾನು ಇಂಥದ್ದಕ್ಕೆ ತಲೆನೋವಿನ ನೆಪ ಹೇಳುತ್ತಿದ್ದವಳು. ಆ ಸಲ "ನಾನು ಮಾಡ್ತೇನೆ" ಎಂದೆ. ಅವಳು ಕಣ್ಣರಳಿಸಿದಳು.

"ಇವತ್ತು ಸೂರ್ಯ ಎಲ್ಲಿಂದ ಹುಟ್ಟಿದ ಮಾರಾಯ್ತಿ?"

ಖಾಲಿ ಲ್ಯಾಬಿನಲ್ಲಿ ನಾನೂ ಮಾತಾಡಿದೆ. ನೋವು ಉಂಟಾ ಎಂದು ಕೇಳಿದೆ. ನನ್ನ ಹತ್ತಿರ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬಾಗಿಲ ಬಳಿ ಯಾರೋ ನಡೆದ ಸದ್ದಾಗಿ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡೆ.

ಆಮೇಲೆ ಅವನ್ನು ನನ್ನ ಹಂದರದ ಮೇಲೆ ಬಿತ್ತುವ ದಿನ ಬಂತು. ಅವಳು ಹನಿ ಹನಿಯಾಗಿ ಬಿಟ್ಟಳು, ಅವು ಕೂರಲೆಂದು ಕಾದೆವು, ದ್ರವ ತುಂಬಿದೆವು. ಕೆಲವು ದಿನ ಕಳೆದು ನೋಡಿದರೆ ಹಂದರ ಬೋಳು. ಹೆಚ್ಚಿನ ಕೋಶಗಳು ಅಂಟಿಕೊಳ್ಳದೆ ಕಳಚಿ, ತೇಲಿ, ಸತ್ತುಹೋಗಿದ್ದವು. ಅವಳ ತಟ್ಟೆಯಲ್ಲಿ ಉಳಿದಿದ್ದವು ಮಾತ್ರ ಸುಖವಾಗಿದ್ದವು.

ಅಮ್ಮ ಅವಳ ಹತ್ತಿರ ಇರುತ್ತಾಳಂತೆ, ನನ್ನ ಹತ್ತಿರ ಬರುವುದಿಲ್ಲವಂತೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿ ಅತ್ತೆ. ಹಿಂದೆ ಹೀಗೆ ಆದಾಗಲೆಲ್ಲ ನಾನು ಕಾರ್ಕಳದವಳಿಗೆ ಹೇಳುತ್ತಿದ್ದದ್ದು ಒಂದೇ ಮಾತು, ನಿನ್ನ ಕೋಶಗಳೇ ಸರಿ ಇಲ್ಲ ಎಂದು. ಆ ಸಲ ಆ ಮಾತು ಗಂಟಲಿನವರೆಗೆ ಬಂದು ನಿಂತಿತು. ಅಮ್ಮನದ್ದನ್ನು ಸರಿ ಇಲ್ಲ ಎನ್ನುವುದು ಹೇಗೆ? ಹಾಗಾಗಿ ಮೊದಲ ಬಾರಿಗೆ ನನ್ನ ಹಂದರವನ್ನೇ ಅನುಮಾನದಿಂದ ತಿರುಗಿಸಿ ಮುರುಗಿಸಿ ನೋಡಿದೆ. ದೊಡ್ಡ ಮೈಕ್ರೋಸ್ಕೋಪಿನಲ್ಲಿ ಎಳೆ ಎಳೆಯಾಗಿ ಕಾಣಬೇಕಾದ್ದು ಅಲ್ಲಲ್ಲಿ ಕಲಸಿದ ಹಿಟ್ಟಿನ ಹಾಗೆ ಕೂಡಿಕೊಂಡಿತ್ತು. ನಮ್ಮ ಕರಾವಳಿಯ ಮಳೆಗಾಲದ ಗಾಳಿ! ಆ ತೇವದಲ್ಲಿ ಎಳೆಗಳು ಡ್ರಮ್ಮಿಗೆ ಮುಟ್ಟುವ ಮೊದಲು ಒಣಗುತ್ತಿರಲಿಲ್ಲ, ಒಂದಕ್ಕೊಂದು ಅಂಟಿ ಸಂದುಗಳನ್ನು ಮುಚ್ಚಿಬಿಡುತ್ತಿದ್ದವು. ಮೇಲಿಂದ ದ್ರಾವಣ ಮಾಡಲು ಹಾಕಿದ್ದ ರಾಸಾಯನಿಕದ ವಾಸನೆಯೂ ಒಳಗೇ ಉಳಿದಿತ್ತು. ಕೋಶಗಳು ಒಳಗೆ ನುಗ್ಗುವುದಾದರೂ ಎಲ್ಲಿಂದ?

ಬೇರೆ ಲ್ಯಾಬಿನವರ ಕಾಲು ಹಿಡಿದು ಗಾಳಿಯ ತೇವ ಹೀರುವ ಯಂತ್ರ ತಂದೆ. ಡ್ರಮ್ಮಿನ ಸುತ್ತ ಪೆಟ್ಟಿಗೆ ಕಟ್ಟಿದೆ. ಹೊಸದಾಗಿ ನೇಯ್ದು, ಒಣಗಿಸಿ, ತೊಳೆದು, ಮತ್ತೆ ಒಣಗಿಸಿದೆ. ಆ ಹಂದರವನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟೆ. ಅವಳು ಮತ್ತೆ ಬಿತ್ತಿದಳು.

ಈ ಬಾರಿ ಅವು ಕೂತವು. ಬದುಕಿರುವ ಕೋಶಗಳು ಹಸುರಾಗಿ ಹೊಳೆಯುವ ಬಣ್ಣ ಹಾಕಿ ನೋಡಿದರೆ ಹಂದರದ ತುಂಬ ಹಸುರು, ಎಳೆಗಳ ಸಂದಿನಲ್ಲೂ ಹಸುರು. ಸರ್ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿದರು. "ಹಂದರ ಯಾರು ಮಾಡಿದ್ದು?" ಎಂದರು, ಗೊತ್ತಿದ್ದೂ. ಕಾರ್ಕಳದವಳು ನನ್ನನ್ನು ತಬ್ಬಿಕೊಂಡು ಕುಣಿದಳು.

"ನಿನ್ನದು ಮಾರಾಯ್ತಿ, ಎಲ್ಲ ನಿನ್ನ ಹಂದರದ್ದು!"

ನನಗೆ ಅವಳ ಹೊಗಳಿಕೆ ಬೇಕಿರಲಿಲ್ಲ. ಅವಳ ಹೆಗಲ ಮೇಲಿಂದ ನಾನು ತಟ್ಟೆಯನ್ನು ನೋಡುತ್ತಿದ್ದೆ. ಅವಳದ್ದನ್ನು ಬಿಟ್ಟು ನನ್ನದರಲ್ಲಿ ಕೂತಿದ್ದಾಳೆ ಅಮ್ಮ. ಗೆದ್ದೆ ಎನಿಸಿತು. ಎಷ್ಟು ಖುಷಿಯಾಯಿತೆಂದರೆ ಅವಳನ್ನೂ ಬಿಗಿಯಾಗಿ ತಬ್ಬಿಕೊಂಡುಬಿಟ್ಟೆ.

ಆ ಹಸುರಿನ ಫೋಟೋವನ್ನು ಮೊಬೈಲಿನಲ್ಲಿಟ್ಟುಕೊಂಡು ಶನಿವಾರ ಕಾಪುವಿಗೆ ಹೋದೆ. ಅಮ್ಮ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಮಣೆಯಲ್ಲಿ ಕೂರಲು ಡಾಕ್ಟರು ಇನ್ನೂ ಬಿಟ್ಟಿರಲಿಲ್ಲ. ನಾನು ಕಟ್ಟಳೆಯನ್ನೆಲ್ಲ ಗಾಳಿಗೆ ತೂರಿ ಅವಳ ಕಾಲ ಬಳಿ ಕೂತು ಮೊಬೈಲು ಹಿಡಿದೆ.

"ನೋಡು, ಯಾರು ಹೇಳು?"

"ಎಂತದು ಇದು, ಪಾಚಿಯಾ?"

"ನೀನು ಅಮ್ಮ! ನಿನ್ನದೇ ಜೀವಕೋಶ. ನಾನು ಮಾಡಿದ ಚಪ್ಪರದ ಮೇಲೆ."

ಅಮ್ಮ ಮೊಬೈಲನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ನಾನು ಹೇಗೆ ಆಗ್ತೇನೆ? ನಾನು ಕೊಡಲೇ ಇಲ್ಲವಲ್ಲ."

"ಅಂದರೆ?"

"ನರ್ಸ್ ಬೆಳಿಗ್ಗೆ ಬಂದಾಗ ಬೇಡ ಅಂದುಬಿಟ್ಟೆ. ಇದು ಬೇರೆ ಯಾರದ್ದೋ ಇರಬೇಕು. ಆವತ್ತು ನನ್ನ ಹಾಗೆ ಎಷ್ಟು ಹೆಂಗಸರಿದ್ದರು ಅಲ್ಲಿ."

ಅಂದರೆ ಇಷ್ಟು ದಿನ ನಾನು ಕದ್ದು ನೋಡಿದ್ದು, ಭಾನುವಾರ ಬಡಿಸಿದ್ದು, ಬೇಡ ಅಂದಳೆಂದು ಅತ್ತದ್ದು, ಒಲಿದಳೆಂದು ಕುಣಿದದ್ದು, ಎಲ್ಲ ಯಾವಳೋ ಗುರುತಿಲ್ಲದ ಹೆಂಗಸಿಗಾಗಿ.

"ಯಾಕೆ ಬೇಡ ಅಂದೆ? ಕಾರ್ಕಳದವಳೆಂದರೆ ನಿನಗೆ ಅಷ್ಟು ಪ್ರೀತಿ. ಅವಳಿಗೆ ಬೇಕಿತ್ತು ಅಂತ ಗೊತ್ತಿತ್ತಲ್ಲ."

"ಅದಕ್ಕೇ. ನಾನು ನಿನ್ನನ್ನು ಕೇಳಿದೆ, ಅದು ಅವಳ ಕೆಲಸ ಅಂದೆ ನೀನು, ಮುಖ ಊದಿಸಿಕೊಂಡು. ನಿನ್ನದಾಗಿದ್ದರೆ ಕೊಡ್ತಿದ್ದೆ. ನಿನಗೆ ಬೇಡದ್ದನ್ನು ಹೊರಗಿನವರಿಗೆ ಎಂತಕ್ಕೆ ಕೊಡಲಿ ಅಂತ ಬಿಟ್ಟೆ."

"ನಾನು ಕೇಳುವ ಹಾಗಿರಲಿಲ್ಲ ಅಮ್ಮ. ನಿಯಮ ಉಂಟು."

"ತಾಯಿಯ ಹತ್ತಿರ ಕೇಳಲಿಕ್ಕೂ ನಿಯಮವಾ?"

ಒಳಗಿನಿಂದ ಅತ್ತಿಗೆ ಚಾ ತಂದಿಟ್ಟು ಹೋದಳು. ನಾನು ಮುಟ್ಟಲಿಲ್ಲ.

"ನನಗೆ ಬೇಕಿತ್ತು" ಎಂದೆ. "ಅಮ್ಮ, ನನಗೆ ತುಂಬ ಬೇಕಿತ್ತು."

ಅಮ್ಮ ಸೆರಗಿನ ಅಂಚನ್ನು ಹೊಟ್ಟೆಯ ಮೇಲೆ ಸರಿ ಮಾಡಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟಳು.

"ಈಗ ಹೇಳಿದರೆ ಎಲ್ಲಿಂದ ಕೊಡಲಿ ಮಗಾ? ಹೊಲಿದು ಆಯ್ತಲ್ಲ."